ಒಡೆದ ಮೇಲೂ ಉರಿಯುವ ದೀಪ

ಎರಡು ವರ್ಷದ ಹಿಂದೆ ನಮ್ಮೂರ ಶಾಲೆಯ ಬಯಲಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ ನಡೆಯಿತು. ಟೆಂಟ್ ಹೌಸಿನಿಂದ ಬಾಡಿಗೆಗೆ ತಂದ ನಾಲ್ಕು ಫೋಕಸ್ ಲೈಟುಗಳನ್ನು ಅಡಿಕೆ ಮರದ ಕಂಬಗಳಿಗೆ ಕಟ್ಟಿದ್ದರು. ಎರಡನೇ ಪಂದ್ಯದ ನಡುವೆ ಬಾಲು ದಿಕ್ಕು ತಪ್ಪಿ ಮೂಲೆಯ ಲೈಟಿಗೆ ಬಡಿಯಿತು. ಗಾಜು ಚಳಚಳನೆ ಉದುರಿತು. ಎಲ್ಲರೂ ಕತ್ತೆತ್ತಿ ನೋಡಿದೆವು. ಲೈಟು ಆರಲಿಲ್ಲ, ಬದಲಿಗೆ ಮೊದಲಿಗಿಂತ ಕೊಂಚ ನೀಲಿಯಾಗಿ, ಚುಚ್ಚುವಂತೆ ಉರಿಯತೊಡಗಿತು. ಕೆಳಗೆ ಬಿದ್ದ ಚೂರುಗಳನ್ನು ಯಾರೋ ಕಾಲಲ್ಲೇ ಬದಿಗೆ ಸರಿಸಿದರು. ‘ಉರೀತಿದೆಯಲ್ಲ, ಆಡ್ರಪ್ಪ’ ಎಂದು ಅಂಪೈರ್ ಸೀಟಿ ಊದಿದ. ಫೈನಲ್ ಮುಗಿಯುವಾಗ ರಾತ್ರಿ ಒಂದೂವರೆ.

ಬೆಳಗಿನ ಜಾವಕ್ಕೆ ಆ ಮೂಲೆಯ ಬೆಂಚಿನಲ್ಲಿ ಕೂತಿದ್ದವರ ಮನೆಗಳಲ್ಲಿ ಗೋಳು ಶುರುವಾಯಿತು. ಕಣ್ಣಿಗೆ ಮರಳು ಎರಚಿದಂತೆ ಉರಿ, ಧಾರಾಕಾರ ನೀರು, ಟ್ಯೂಬ್‌ಲೈಟ್ ಹಾಕಿದರೆ ತಡೆಯಲಾಗದು. ಕೆಲವರ ಕತ್ತು, ಕೆನ್ನೆ ಬಿಸಿಲಲ್ಲಿ ಗದ್ದೆ ಕೊಯ್ದವರಂತೆ ಕೆಂಪಾಗಿದ್ದವು. ಮೆಡಿಕಲ್ ಶಾಪಿನಲ್ಲಿ ‘ಮದ್ರಾಸ್ ಐ ಬಂದಿದೆ’ ಎಂದು ಆ್ಯಂಟಿಬಯೋಟಿಕ್ ಡ್ರಾಪ್ಸ್ ಕೊಟ್ಟರು. ಅಜ್ಜಿಯರು ಆಲೂಗಡ್ಡೆ ಹೋಳು ಇಟ್ಟರು. ಎರಡು ದಿನಕ್ಕೆ ಎಲ್ಲರಿಗೂ ವಾಸಿಯಾಯಿತು. ಲೈಟಿನ ಮೇಲೆ ಅನುಮಾನ ಪಟ್ಟವನು ಒಬ್ಬನೇ, ಬಸ್‌ಸ್ಟ್ಯಾಂಡಿನ ಗ್ರಿಲ್ ವರ್ಕ್ಸ್‌ನ ವೆಲ್ಡರ್. ‘ಇದು ವೆಲ್ಡಿಂಗ್ ನೋಡಿದ ಕಣ್ಣು ಸಾರ್, ನಮಗೆ ಹೊಸದಾಗಿ ಕೆಲಸಕ್ಕೆ ಸೇರಿದಾಗ ಆಗ್ತಿತ್ತು’ ಎಂದ.

ಅವನ ಮಾತೇ ಸರಿ. ವೈದ್ಯರು ಇದನ್ನು ಫೋಟೋಕೆರಟೈಟಿಸ್ ಎನ್ನುತ್ತಾರೆ, ಅಂದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಗೆ ಅತಿನೇರಳೆ ಕಿರಣದಿಂದಾಗುವ ಸುಟ್ಟಗಾಯ. ಬೆಳಕಿನಲ್ಲಿ ಕೂತಿರುವಾಗ ಏನೂ ಗೊತ್ತಾಗುವುದಿಲ್ಲ. ಉರಿ ಏಳುವುದು ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ. ಅಷ್ಟರಲ್ಲಿ ಪಂದ್ಯ ಮುಗಿದು, ಲೈಟು ಬಿಚ್ಚಿ, ವ್ಯಾನಿಗೆ ತುಂಬಿ ಆಗಿರುತ್ತದೆ. ಮದ್ರಾಸ್ ಐ ಆದರೆ ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ, ಪಿಸುರು ಕಟ್ಟುತ್ತದೆ. ಇಲ್ಲಿ ಹಾಗಿಲ್ಲ: ಒಂದೇ ಕಡೆ ಕೂತಿದ್ದವರಿಗೆಲ್ಲ, ಒಂದೇ ಹೊತ್ತಿಗೆ, ಎರಡೂ ಕಣ್ಣಿಗೆ, ನೀರು ಮಾತ್ರ. ಕತ್ತಲೆ ಕೋಣೆ, ತಣ್ಣೀರ ಬಟ್ಟೆ, ಕಣ್ಣು ಒಣಗದಂತೆ ಡ್ರಾಪ್ಸ್ ಸಾಕು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಬೇಕು. ಕಣ್ಣು ಮರಗಟ್ಟಿಸುವ ಡ್ರಾಪ್ಸನ್ನು ಮನೆಗೊಯ್ದು ಪದೇ ಪದೇ ಹಾಕಿಕೊಂಡರೆ ಗಾಯ ಮಾಯುವುದು ತಡವಾಗುತ್ತದೆ.

ಉರಿಯುತ್ತಿರುವ ದೀಪ ಸರಿಯಾಗಿದೆ ಎಂದು ನಾವು ನಂಬುತ್ತೇವೆ. ಮನೆಯ ಬಲ್ಬಿನಿಂದ ಕಲಿತ ಪಾಠ ಅದು: ಗಾಜು ಒಡೆದರೆ ತಂತಿ ಸುಟ್ಟು ಆರಿಹೋಗುತ್ತದೆ, ಕತೆ ಮುಗಿಯಿತು. ಆ ಫೋಕಸ್ ಲೈಟಿನಂಥ ಪಾದರಸದ ದೀಪಕ್ಕೆ ಈ ಪಾಠ ಅನ್ವಯಿಸುವುದಿಲ್ಲ, ಏಕೆಂದರೆ ಅದು ದೀಪದೊಳಗೊಂದು ದೀಪ. ಹೊರಗೆ ಕಾಣುವ ಮೊಟ್ಟೆಯಾಕಾರದ ಗಾಜಿನ ನಡುವೆ ಬೆರಳ ಗಾತ್ರದ ಸ್ಫಟಿಕದ ಕೊಳವೆಯಿದೆ. ಅದರಲ್ಲಿ ಒಂದಿಷ್ಟು ಆರ್ಗಾನ್, ಒಂದು ಹನಿ ಪಾದರಸ. ಸ್ವಿಚ್ ಹಾಕಿದಾಗ ಮೊದಲು ಆರ್ಗಾನಿನಲ್ಲಿ ಮಂಕಾದ ಕಿಡಿ ಹುಟ್ಟುತ್ತದೆ. ಆ ಬಿಸಿಗೆ ಪಾದರಸ ಆವಿಯಾಗುತ್ತಾ, ಒತ್ತಡ ಏರುತ್ತಾ, ನಾಲ್ಕೈದು ನಿಮಿಷದಲ್ಲಿ ಬೆಳಕು ತುಂಬುತ್ತದೆ. ಕೊಳವೆಯ ಗೋಡೆಯ ಬಿಸಿ 600 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಅಷ್ಟು ಬಿಸಿ ತಾಳುವುದಕ್ಕೇ ಸ್ಫಟಿಕ ಬೇಕು, ಸಾದಾ ಗಾಜಾದರೆ ಕರಗಿಹೋದೀತು. ತೊಡಕೆಂದರೆ ಸ್ಫಟಿಕ ಅತಿನೇರಳೆ ಕಿರಣವನ್ನೂ ಅಡೆತಡೆಯಿಲ್ಲದೆ ಹೊರಬಿಡುತ್ತದೆ. ಅದನ್ನು ತಡೆದು ನಿಲ್ಲಿಸುವುದು ಹೊರಗಿನ ಗಾಜು. ಒಳಗಿನ ಕೊಂಡಿಗಳಿಗೆ ಗಾಳಿ ತಾಗದಂತೆ ನೈಟ್ರೋಜನ್ ಹಿಡಿದಿಟ್ಟುಕೊಳ್ಳುವುದೂ ಅದೇ ಗಾಜು. ಬಾಲು ಬಡಿದು ಉದುರಿದ್ದು ಈ ಗುರಾಣಿ. ದೀಪ ಹಾಗೇ ಉಳಿಯಿತು, ಇನ್ನು ಅದರ ಮುಂದೆ ಕೂತವರೂ ವೆಲ್ಡಿಂಗ್ ಆರ್ಕಿನ ಮುಂದೆ ಕೂತವರೂ ಒಂದೇ. ಗಾಳಿ ತಗುಲಿದ ಕೊಂಡಿಗಳು ಕ್ರಮೇಣ ಸುಟ್ಟು ದೀಪ ಸಾಯುವುದು ಹೌದು, ಆದರೆ ಅದಕ್ಕೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಹಿಡಿಯುತ್ತದೆ.

ನಮ್ಮ ಟೆಂಟ್ ಹೌಸ್ ಭಾಷೆಯಲ್ಲಿ ಇವೆಲ್ಲ ‘ಹ್ಯಾಲೋಜನ್’. ನಿಜವಾದ ಹ್ಯಾಲೋಜನ್ ಬೇರೆ, ಅದು ತಂತಿ ಉರಿಯುವ ದೀಪ. ಈ ಫೋಕಸ್ ಲೈಟುಗಳು ಹೆಚ್ಚಾಗಿ ಮೆಟಲ್ ಹ್ಯಾಲೈಡ್, ಹಳೆಯವಾದರೆ ಅಪ್ಪಟ ಮರ್ಕ್ಯುರಿ, ಅಂದರೆ ಪಾದರಸದ ದೀಪ. ಎರಡೂ ಒಂದೇ ಕುಲದವು, ಎರಡರಲ್ಲೂ ಪಾದರಸ, ಎರಡಕ್ಕೂ ಒಂದೇ ಅಪಾಯ. ಕೆಲವು ಎರಡು ತುದಿಯ ಮೆಟಲ್ ಹ್ಯಾಲೈಡ್ ದೀಪಗಳಿಗಂತೂ ಹೊರಗಾಜೇ ಇಲ್ಲ, ಪೆಟ್ಟಿಗೆಯ ಮುಂದಿನ ಗಾಜೇ ಏಕೈಕ ತಡೆ. ಸೀಳಿದೆ ಎಂದು ಆ ಗಾಜನ್ನು ಕಿತ್ತು ಬಿಸಾಕಿ, ಬೆಳಕು ಇನ್ನೂ ಚೆನ್ನಾಗಿ ಬರುತ್ತದೆ ಎಂದು ಹೆಮ್ಮೆಪಡುವವರನ್ನು ನಾನು ಕಂಡಿದ್ದೇನೆ.

ಅಮೆರಿಕದಲ್ಲಿ ಶಾಲೆಗಳ ಒಳಾಂಗಣ ಕ್ರೀಡಾಂಗಣಗಳಲ್ಲಿ ಇದೇ ರೀತಿ ಬಾಲು ಬಡಿದು, ಮಕ್ಕಳ ಕಣ್ಣು ಸುಟ್ಟ ಘಟನೆಗಳಾದವು. ಅಲ್ಲಿನ ಆಹಾರ ಮತ್ತು ಔಷಧ ಆಡಳಿತ 1980ರಿಂದ ಒಂದು ನಿಯಮ ತಂದಿತು. ಹೊರಗಾಜು ಒಡೆದ 15 ನಿಮಿಷದೊಳಗೆ ತಾನಾಗಿ ಆರುವ ದೀಪಕ್ಕೆ ‘ಟಿ’ ಗುರುತು. ಹಾಗೆ ಆರದ ದೀಪಕ್ಕೆ ‘ಆರ್’ ಗುರುತು, ಜತೆಗೆ ಜನ ಹೆಚ್ಚು ಹೊತ್ತು ಇರುವಲ್ಲಿ ಮರೆ ಇಲ್ಲದೆ ಬಳಸಬಾರದೆಂಬ ಎಚ್ಚರಿಕೆ. ತಾನಾಗಿ ಆರಿಸುವ ತಂತ್ರ ತೀರಾ ಸರಳ: ಗಾಳಿ ತಗುಲಿದೊಡನೆ ಸುಟ್ಟುಹೋಗುವ ಒಂದು ತಂತಿಯನ್ನು ಹೊರಗಾಜಿನೊಳಗೆ ಸರ್ಕ್ಯೂಟಿನ ನಡುವೆ ಇಟ್ಟರಾಯಿತು. ನಮ್ಮ ಪೇಟೆಯಲ್ಲಿ ದೀಪ ಕೊಳ್ಳುವಾಗ ವ್ಯಾಟ್ ಎಷ್ಟು, ರೇಟ್ ಎಷ್ಟು ಎಂದು ಕೇಳುತ್ತಾರೆಯೇ ಹೊರತು ‘ಒಡೆದರೆ ಆರುತ್ತದಾ’ ಎಂದು ಕೇಳಿದವರನ್ನು ನಾನಂತೂ ಕಾಣೆ.

ಆ ತಂತಿಯ ಮಹಿಮೆಯನ್ನು ನಾನು ಬೇರೆಡೆ ಕಂಡೆ. ಮಲೆನಾಡಿನಲ್ಲಿ ಪತಂಗ ನೋಡುವವರು ರಾತ್ರಿ ಬಿಳಿ ಪಂಚೆ ಕಟ್ಟಿ, ಅದರ ಮುಂದೆ 160 ವ್ಯಾಟಿನ ಮರ್ಕ್ಯುರಿ ಬಲ್ಬು ತೂಗಿಬಿಡುತ್ತಾರೆ. ಈ ದೀಪದಿಂದ ಹೊರಬರುವ 365 ನ್ಯಾನೋಮೀಟರಿನ ಕಿರಣ ಪತಂಗಗಳಿಗೆ ಕರೆಯೋಲೆಯಿದ್ದಂತೆ. ಬೀದಿದೀಪವಾಗಿ ಮೂಲೆಗುಂಪಾದ ಬಲ್ಬು ಇವರ ಚೀಲದಲ್ಲಿ ಇನ್ನೂ ಬದುಕಿದೆ. ಕರೆಂಟನ್ನು ಹಿಡಿತದಲ್ಲಿಡುವ ಚೋಕ್ ಬೇಡದ ಬಲ್ಬಾದ್ದರಿಂದ ಹೋಲ್ಡರಿಗೆ ತಿರುಗಿಸಿದರೆ ಸಾಕು. ಒಂದು ಸಂಜೆ ನಾವು ಬಲ್ಬು ಹಚ್ಚಿ ಅರ್ಧ ಗಂಟೆಯಾಗಿತ್ತು. ಪಂಚೆಯ ತುಂಬ ಹಸಿರು, ಕಂದು, ಬೂದಿ ರೆಕ್ಕೆಗಳು. ಮರದ ಎಲೆಯಿಂದ ಒಂದೇ ಒಂದು ಮಳೆಹನಿ ಜಾರಿ ಬಲ್ಬಿನ ನೆತ್ತಿಗೆ ಬಿತ್ತು. ‘ಟಪ್’. ಗಾಜು ಎರಡು ಹೋಳಾಗಿ ಕೆಳಗಿಳಿಯಿತು, ಅದೇ ಕ್ಷಣ ಕತ್ತಲೆ. ಎಲ್ಲರೂ ಹಳಹಳಿಸಿದೆವು. ಈಗ ಯೋಚಿಸಿದರೆ ಅದು ನಮ್ಮ ಪುಣ್ಯ. ಚೋಕ್‌ನ ಕೆಲಸ ಮಾಡಲೆಂದು ಈ ಬಲ್ಬಿನ ಹೊರಗಾಜಿನೊಳಗೆ ಕೊಳವೆಯ ಸುತ್ತ ಒಂದು ಟಂಗ್‌ಸ್ಟನ್ ತಂತಿ ಸುತ್ತಿರುತ್ತಾರೆ. ಗಾಳಿ ತಗುಲಿದೊಡನೆ ಅದು ಸುಟ್ಟಿತು, ದೀಪ ಆರಿತು. ವಾಲಿಬಾಲ್ ಬಯಲಿನ ದೀಪಕ್ಕೆ ಚೋಕ್ ಇದ್ದದ್ದು ಕಂಬದ ಬುಡದ ಡಬ್ಬಿಯಲ್ಲಿ, ಕಬ್ಬಿಣ-ತಾಮ್ರದ್ದು. ಮೇಲೆ ಗಾಜು ಒಡೆದರೆ ಅದಕ್ಕೇನು?

ಮಳೆಹನಿಗೆ ಒಡೆಯುವುದು ಹೊರಗಾಜು ಮಾತ್ರ, ಅದೂ ಬಿಸಿಯಿದ್ದಾಗ. ಹಾಗಾಗಿ ಪತಂಗದವರು ಬಲ್ಬಿನ ಮೇಲೆ ತಗಡಿನ ಕೊಡೆ ಕಟ್ಟಬೇಕು. ಗಾಜು ನೆಟ್ಟಗಿದ್ದಾಗಲೂ ಬಲ್ಬನ್ನು ನೇರ ದಿಟ್ಟಿಸದೆ, ಅತಿನೇರಳೆ ತಡೆಯುವ ಕನ್ನಡಕ ಹಾಕಿ, ಬಲ್ಬಿಗೆ ಬೆನ್ನು ಮಾಡಿ ಪಂಚೆ ನೋಡುವುದು ಒಳ್ಳೆಯದು. ದೂರವೂ ಒಂದು ರಕ್ಷಣೆಯೇ, ಎರಡರಷ್ಟು ದೂರ ಸರಿದರೆ ತಾಗುವ ಕಿರಣ ನಾಲ್ಕನೇ ಒಂದಕ್ಕೆ ಇಳಿಯುತ್ತದೆ.

ಈ ದೀಪಗಳ ಇನ್ನೊಂದು ಸ್ವಭಾವ ಬೀದಿದೀಪದ ಕಾಲದವರಿಗೆ ನೆನಪಿರಬಹುದು. ಕರೆಂಟು ಒಮ್ಮೆ ಕಣ್ಣು ಮಿಟುಕಿಸಿದರೂ ಮನೆಯ ಬಲ್ಬು ತಕ್ಷಣ ಬರುತ್ತಿತ್ತು, ಬೀದಿಯ ದೀಪ ಮಾತ್ರ ಮುನಿಸಿಕೊಂಡು ಐದು ಹತ್ತು ನಿಮಿಷ ಕತ್ತಲಲ್ಲೇ ನಿಲ್ಲುತ್ತಿತ್ತು. ಬಿಸಿಯಿದ್ದಾಗ ಕೊಳವೆಯ ಒತ್ತಡ ಎಷ್ಟಿರುತ್ತದೆಂದರೆ ಹೊಸ ಕಿಡಿ ಹುಟ್ಟುವುದೇ ಇಲ್ಲ, ಆರಿ ಒತ್ತಡ ಇಳಿಯುವ ತನಕ ಕಾಯಲೇಬೇಕು. ಕೆಇಬಿ ಲೈನ್‌ಮನ್‌ಗಳಿಗೆ ಇದು ಗೊತ್ತಿತ್ತು. ಕಂಬದ ಕೆಳಗೆ ಬೀಡಿ ಹಚ್ಚಿ ಸುಮ್ಮನೆ ನಿಲ್ಲುತ್ತಿದ್ದರು. ಇಂದಿನ ಡೆಕೋರೇಷನ್ ಹುಡುಗರು ಲೈಟು ಕೆಟ್ಟಿತೆಂದು ಸ್ವಿಚ್ಚನ್ನು ಟಕಟಕ ಒತ್ತುತ್ತಾರೆ, ಬಿಸಿ ಬಲ್ಬು ಬಿಚ್ಚಲು ಹೋಗಿ ಕೈ ಸುಟ್ಟುಕೊಳ್ಳುತ್ತಾರೆ. 125 ವ್ಯಾಟಿನ ದೀಪಕ್ಕೆ 250ರ ಚೋಕ್, ಮರ್ಕ್ಯುರಿ ದೀಪಕ್ಕೆ ಸೋಡಿಯಂ ದೀಪದ ಇಗ್ನೈಟರ್, ಕೈಗೆ ಸಿಕ್ಕಿದ್ದನ್ನು ಜೋಡಿಸುವುದೂ ಉಂಟು. ಚೋಕ್ ಅಂದರೆ ಈ ದೀಪದ ಮೂಗುದಾರ. ಕಿಡಿ ಹುಟ್ಟಿದ ಮೇಲೆ ಕರೆಂಟು ಏರಿದಷ್ಟೂ ಕೊಳವೆಯ ತಡೆ ಇಳಿಯುತ್ತದೆ, ಹಿಡಿದು ನಿಲ್ಲಿಸುವವರಿಲ್ಲದಿದ್ದರೆ ಅದು ಸಿಡಿಯುವ ತನಕ ಎಳೆಯುತ್ತದೆ. ಪಕ್ಕದ ಕೆಪಾಸಿಟರಿನಲ್ಲಿ ಮೇನ್ಸ್ ಆರಿಸಿದ ಮೇಲೂ ಚಾರ್ಜ್ ಉಳಿದಿರುತ್ತದೆ ಎಂಬುದನ್ನು ಕಲಿಯಲು ಒಂದು ಶಾಕ್ ಬೇಕಿಲ್ಲ.

ಬೀದಿಯಿಂದ ಪ್ರಯೋಗಾಲಯಕ್ಕೆ ಬಂದರೆ ಇದೇ ದೀಪ ಗಾತ್ರದಲ್ಲಿ ಕುಗ್ಗಿ, ಸಿಟ್ಟಿನಲ್ಲಿ ಬೆಳೆದಿರುತ್ತದೆ. ಜೀವಕೋಶಗಳನ್ನು ಹೊಳೆಯಿಸಿ ನೋಡುವ ಫ್ಲೂರೊಸೆನ್ಸ್ ಮೈಕ್ರೋಸ್ಕೋಪಿನ ಹಿಂದಿನ ಪೆಟ್ಟಿಗೆಯಲ್ಲಿ 100 ವ್ಯಾಟಿನ ಶಾರ್ಟ್ ಆರ್ಕ್ ದೀಪವಿರುತ್ತದೆ. ಅದರ ಎರಡು ಎಲೆಕ್ಟ್ರೋಡ್‌ಗಳ ನಡುವಿನ ಅಂತರ ಮಿಲಿಮೀಟರಿನ ಕಾಲು ಭಾಗ. ಒಳಗಿನ ಒತ್ತಡ ವಾತಾವರಣದ ಹತ್ತಾರು ಪಟ್ಟು. ಆಯುಷ್ಯ 200ರಿಂದ 300 ಗಂಟೆ, ಅಷ್ಟೇ. ಕಂಪನಿಗಳು ಪೆಟ್ಟಿಗೆಯ ಮೇಲೆ ಗಂಟೆ ಎಣಿಸುವ ಮೀಟರ್ ಇಡುವುದು ಇದಕ್ಕೇ. ಅವಧಿ ಮೀರಿದ ದೀಪದ ಸ್ಫಟಿಕ ಕಪ್ಪಾಗಿ, ಹೆಚ್ಚು ಬಿಸಿ ಹೀರಿ, ದುರ್ಬಲವಾಗಿ, ಒಂದು ದಿನ ಸಿಡಿಯುತ್ತದೆ. ಬಜೆಟ್ ಬರುವವರೆಗೆ ಎಳೆಯೋಣ ಎಂದು 500 ಗಂಟೆ ಓಡಿಸುವುದು ಮಿತವ್ಯಯವಲ್ಲ. ಹಚ್ಚಿದರೆ ಕನಿಷ್ಠ ಅರ್ಧ ಗಂಟೆ ಆರಿಸಬಾರದು, ಆರಿಸಿದರೆ ಅರ್ಧ ಗಂಟೆ ಹಚ್ಚಬಾರದು. ಕೆಲವು ಲ್ಯಾಬ್‌ಗಳಲ್ಲಿ ಕಂಪ್ಯೂಟರಿಗಿಂತ ಮೊದಲು ಈ ದೀಪ ಹಚ್ಚುವ ರೂಢಿಯಿದೆ. ಅದು ಮೂಢನಂಬಿಕೆಯಲ್ಲ, ಕಿಡಿ ಹುಟ್ಟಿಸುವ ಸಾವಿರಾರು ವೋಲ್ಟಿನ ಮಿಡಿತ ಪಕ್ಕದ ಯಂತ್ರಗಳನ್ನು ಕೆಡಿಸಬಲ್ಲದು.

ಹೊಸ ದೀಪ ಹಾಕುವಾಗ ಬರಿಗೈಯಲ್ಲಿ ಸ್ಫಟಿಕ ಮುಟ್ಟಬಾರದು ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ, ಏಕೆಂದು ಹೇಳುವುದು ಕಡಿಮೆ. ಬೆವರಿನಲ್ಲಿ ಉಪ್ಪಿದೆ. ಆ ಉಪ್ಪಿನ ಸೋಡಿಯಂ ನೂರಾರು ಡಿಗ್ರಿ ಬಿಸಿಯಲ್ಲಿ ಸ್ಫಟಿಕದ ಗಾಜಿನಂಥ ರಚನೆಯನ್ನು ಕದಡಿ ಹರಳುಗಟ್ಟಿಸುತ್ತದೆ. ಬೆರಳು ಮುಟ್ಟಿದ ಜಾಗ ಕೆಲವು ಗಂಟೆಗಳಲ್ಲಿ ಬೆಳ್ಳಗೆ ಮಂಜಾಗಿ, ಅಲ್ಲೇ ಬಿಸಿ ಕಟ್ಟಿಕೊಂಡು, ಅಲ್ಲಿಂದಲೇ ಸೀಳುತ್ತದೆ. ಮುಟ್ಟಿಬಿಟ್ಟಿದ್ದರೆ ಹಚ್ಚುವ ಮೊದಲೇ ನೂಲು ಬಿಡದ ಬಟ್ಟೆಗೆ ಸ್ಪಿರಿಟ್ ಹಾಕಿ ಒರೆಸಿಬಿಡಬೇಕು.

ಈಗ ನಮ್ಮ ನಡುವೆ ಅತಿ ಹೆಚ್ಚು ಒತ್ತಡದ ಪಾದರಸ ದೀಪ ಇರುವುದು ತರಗತಿಯ ಮಾಡಿನಲ್ಲಿ. ಎಲ್‌ಇಡಿ, ಲೇಸರ್ ಬರುವ ಮುಂಚಿನ ಪ್ರೊಜೆಕ್ಟರುಗಳಲ್ಲಿ 1990ರ ದಶಕದ ನಡುಭಾಗದಿಂದ ಬಂದ ಯುಎಚ್‌ಪಿ ದೀಪಗಳ ಒಳ ಒತ್ತಡ 200 ಬಾರ್ ದಾಟುತ್ತದೆ. ಅಡುಗೆಮನೆಯ ಗ್ಯಾಸ್ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಹತ್ತು ಬಾರ್ ಕೂಡ ಇರುವುದಿಲ್ಲ. ಹೋಲಿಕೆ ಕೇಳಿ ಬೆಚ್ಚಬೇಕಿಲ್ಲ: ಬಟಾಣಿ ಗಾತ್ರದ ಕುಹರದೊಳಗಿನ ಒತ್ತಡ ಕಟ್ಟಡ ಉರುಳಿಸುವುದಿಲ್ಲ, ‘ಪಟ್’ ಎಂದು ಪಟಾಕಿಯಂತೆ ಸಿಡಿದು ಚೂರು ಪೆಟ್ಟಿಗೆಯೊಳಗೇ ಉಳಿಯುತ್ತದೆ. ಚಿಂತೆ ಇರುವುದು ಫ್ಯಾನಿನ ಕಿಂಡಿಯಿಂದ ಹೊರಬರುವ ಆವಿಯ ಬಗ್ಗೆ. ಲೆಕ್ಕ ಹಾಕಿ ನೋಡೋಣ. ದೀಪದಲ್ಲಿ 20 ಮಿಲಿಗ್ರಾಂ ಪಾದರಸ ಎಂದಿಟ್ಟುಕೊಳ್ಳಿ. ತರಗತಿ 10 ಮೀಟರ್ ಉದ್ದ, 8 ಅಗಲ, 3 ಎತ್ತರ, ಅಂದರೆ 240 ಘನ ಮೀಟರ್ ಗಾಳಿ. ಎಲ್ಲವೂ ಆವಿಯಾಗಿ ಹರಡಿತೆಂದರೆ ಘನ ಮೀಟರಿಗೆ 0.083 ಮಿಲಿಗ್ರಾಂ. ಕೆಲಸದ ಜಾಗದಲ್ಲಿ ಎಂಟು ಗಂಟೆಯ ಸರಾಸರಿಗೆ ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರು ಇಟ್ಟಿರುವ ಮಿತಿ 0.025. ಮೂರು ಪಟ್ಟಿಗಿಂತ ಹೆಚ್ಚಾಯಿತು, ಅದೂ ದೊಡ್ಡವರಿಗೆಂದು ಹಾಕಿದ ಮಿತಿ. ಕಿಟಕಿ ತೆರೆದು, ಮಕ್ಕಳನ್ನು ಹೊರಗೆ ಕಳಿಸಿ ಅರ್ಧ ಗಂಟೆ ಬಿಟ್ಟರೆ ಗಾಳಿಯಲ್ಲಿದ್ದುದರ ಬಹುಪಾಲು ಹೊರಟುಹೋಗುತ್ತದೆ. ಎಸಿ ಹಾಕಿ, ಕಿಟಕಿ ಮುಚ್ಚಿ ‘ಏನೋ ಸದ್ದಾಯ್ತು, ಮುಂದಿನ ಸ್ಲೈಡ್ ಬೋರ್ಡಲ್ಲಿ ಬರೀತೀನಿ’ ಎಂದು ಪಾಠ ಮುಂದುವರಿಸಿದರೆ ಎಲ್ಲರೂ ಉಸಿರಾಡುತ್ತಾರೆ. ಪಾದರಸದ ಆವಿಯನ್ನು ಉಸಿರಿಗೆಳೆದರೆ ಅದರ ಸುಮಾರು 80 ಶೇಕಡಾ ರಕ್ತ ಸೇರುತ್ತದೆ. ಅಂಗೈಯಲ್ಲಿಟ್ಟು ಆಡಿದ ಹನಿಗಿಂತ ಕಣ್ಣಿಗೆ ಕಾಣದ ಆವಿಯೇ ಕೆಟ್ಟದ್ದು.

ಸಿಡಿಯುವುದನ್ನು ತಪ್ಪಿಸಲು ಒಂದೇ ಒಂದು ಅಭ್ಯಾಸ ಬೆಳೆಸಿಕೊಳ್ಳುವುದಾದರೆ ಅದು ಪ್ಲಗ್ ಕೀಳದಿರುವುದು. ಪ್ರೊಜೆಕ್ಟರ್ ಆರಿಸಿದ ಮೇಲೂ ಫ್ಯಾನ್ ಒಂದೆರಡು ನಿಮಿಷ ತಿರುಗುವುದು ದೀಪವನ್ನು ತಣಿಸಲಿಕ್ಕೆ. ಬೆಲ್ ಹೊಡೆಯಿತೆಂದು ಗೋಡೆಯ ಸ್ವಿಚ್ಚನ್ನೇ ಆರಿಸುವ ನಮ್ಮ ಆತುರಕ್ಕೆ, ಯುಪಿಎಸ್ ಇಲ್ಲದ ಊರಿನ ಪವರ್ ಕಟ್ಟಿಗೆ ಎಷ್ಟು ದೀಪ ಬಲಿಯಾಗಿವೆಯೋ. ಬಿಚ್ಚುವುದಾದರೆ ಪೂರ್ತಿ ತಣ್ಣಗಾಗಲಿ. ತಣ್ಣಗಾದಾಗ ಪಾದರಸ ಮತ್ತೆ ಹನಿಯಾಗಿ ಒತ್ತಡ ಇಳಿದಿರುತ್ತದೆ. ಟಾಕೀಸಿನ ಕ್ಸೆನಾನ್ ದೀಪಕ್ಕೆ ಮಾತ್ರ ಈ ಮಾತು ಹೇಳಬೇಡಿ. ಅದರಲ್ಲಿರುವುದು ಅನಿಲ, ತಣ್ಣಗಿದ್ದರೂ ಒತ್ತಡ ಉಳಿದೇ ಇರುತ್ತದೆ. ಆಪರೇಟರುಗಳು ಮುಖಕ್ಕೆ ಗುರಾಣಿ ಹಾಕಿಕೊಂಡು ಅದನ್ನು ಮುಟ್ಟುವುದು ಅದಕ್ಕೇ.

ಒಡೆದ ಚೂರನ್ನು ಪೊರಕೆಯಿಂದ ಗುಡಿಸಬಾರದು, ವ್ಯಾಕ್ಯೂಮ್ ಕ್ಲೀನರ್ ಅಂತೂ ಬೇಡವೇ ಬೇಡ. ಎರಡೂ ಹನಿಯನ್ನು ಇನ್ನಷ್ಟು ಚಿಕ್ಕದಾಗಿ ಒಡೆದು ಆವಿ ಹೆಚ್ಚಿಸುತ್ತವೆ. ಗ್ಲೌಸ್ ಹಾಕಿ, ದಪ್ಪ ರಟ್ಟಿನಿಂದ ಚೂರು ಒಟ್ಟುಮಾಡಿ, ಅಂಟುಪಟ್ಟಿಯಲ್ಲಿ ಪುಡಿ ಎತ್ತಿ, ಒದ್ದೆ ಕಾಗದದಲ್ಲಿ ಒರೆಸಿ, ಎಲ್ಲವನ್ನೂ ಬಿಗಿ ಮುಚ್ಚಳದ ಗಾಜಿನ ಭರಣಿಗೆ ಹಾಕಬೇಕು. ಅದಕ್ಕೂ ಮೊದಲು ಉಂಗುರ, ಬಳೆ ಬಿಚ್ಚಿಡಿ. ಪಾದರಸ ತಾಗಿದ ಚಿನ್ನ ಬೆಳ್ಳಗಾಗುತ್ತದೆ ಎಂಬುದನ್ನು ಯಾವ ಅಕ್ಕಸಾಲಿಗನೂ ಹೇಳಿಯಾನು.

ಇಷ್ಟೆಲ್ಲ ರಗಳೆ ಏಕೆ, ಈ ದೀಪಗಳೇ ಹೋಗುತ್ತಿವೆಯಲ್ಲ ಎನ್ನಬಹುದು. ಹೋಗುತ್ತಿರುವುದು ನಿಜ. ವ್ಯಾಟಿಗೆ 50–60 ಲ್ಯೂಮೆನ್ ಕೊಡುವ ದೀಪ, ಅದರ ಎರಡರಷ್ಟಕ್ಕಿಂತ ಹೆಚ್ಚು ಕೊಡುವ ಎಲ್‌ಇಡಿಯ ಮುಂದೆ ನಿಲ್ಲುವುದು ಹೇಗೆ? ಐರೋಪ್ಯ ಒಕ್ಕೂಟ 2015ರಲ್ಲಿ ಇದನ್ನು ಪೇಟೆಯಿಂದ ತೆಗೆಯಿತು. 2013ರಲ್ಲಿ ಅಂಗೀಕಾರವಾಗಿ 2017ರ ಆಗಸ್ಟ್ 16ರಂದು ಜಾರಿಗೆ ಬಂದ, ಪಾದರಸದ ಬಳಕೆ ತಗ್ಗಿಸುವ ಅಂತರರಾಷ್ಟ್ರೀಯ ಮಿನಮಾಟ ಒಪ್ಪಂದ, ಸಾಮಾನ್ಯ ಬೆಳಕಿಗೆ ಬಳಸುವ ಅಧಿಕ ಒತ್ತಡದ ಪಾದರಸ ದೀಪಗಳಿಗೆ 2020ರ ಗಡುವು ಹಾಕಿತು. ಭಾರತ 2018ರ ಜೂನ್‌ನಲ್ಲಿ ಅದಕ್ಕೆ ಸ್ಥಿರೀಕರಣ ನೀಡಿತು, ಪಾದರಸದ ಉತ್ಪನ್ನಗಳಿಗೆ 2025ರವರೆಗೆ ಸಡಿಲಿಕೆ ಇಟ್ಟುಕೊಂಡೇ.

ಆದರೆ ಒಪ್ಪಂದ ತಡೆಯುವುದು ತಯಾರಿಕೆಯನ್ನು, ಆಮದು ರಫ್ತನ್ನು. ಈಗಾಗಲೇ ಕಂಬದ ಮೇಲೆ, ಗೋದಾಮಿನಲ್ಲಿ, ಬಾಡಿಗೆ ವ್ಯಾನಿನಲ್ಲಿ ಇರುವ ದೀಪವನ್ನು ಅದು ಆರಿಸುವುದಿಲ್ಲ. ಮೈಕ್ರೋಸ್ಕೋಪು, ಯುವಿ ಶಾಯಿ ಒಣಗಿಸುವ ಪ್ರೆಸ್ಸು ಮುಂತಾದ ವಿಶೇಷ ಬಳಕೆಗಳು ‘ಸಾಮಾನ್ಯ ಬೆಳಕು’ ಎಂಬ ಮಾತಿನ ಹೊರಗಿವೆ. ಮೇಲಾಗಿ ಈ ದೀಪಕ್ಕೆ ಗಟ್ಟಿ ಜೀವ, 16,000 ಗಂಟೆಗೂ ಮೀರಿ ಉರಿಯುತ್ತದೆ. ಮಂಕಾಗುತ್ತಾ ಹೋಗಿ ಅರ್ಧ ಬೆಳಕಿಗೆ ಇಳಿದರೂ ಆರುವುದಿಲ್ಲವಾದ್ದರಿಂದ ಯಾರೂ ಬದಲಿಸುವುದಿಲ್ಲ. ಅಂಗಡಿಯಿಂದ ದೀಪ ಮಾಯವಾದಾಗ ಅದರ ಜತೆ ಬರುತ್ತಿದ್ದ ಕೈಪಿಡಿ, ಸರಿಯಾದ ಚೋಕ್, ಬದಲಿ ಗಾಜು, ಅದನ್ನು ಬಲ್ಲ ಲೈನ್‌ಮನ್ ಎಲ್ಲರೂ ಮಾಯವಾಗುತ್ತಾರೆ. ದೀಪ ಉಳಿಯುತ್ತದೆ, ಅದನ್ನು ಹಿಡಿಯುವ ಬಗೆ ಗೊತ್ತಿದ್ದವರು ಉಳಿಯುವುದಿಲ್ಲ. ನನ್ನ ಪ್ರಕಾರ ಅಪಾಯ ಹೆಚ್ಚುವುದು ಈಗಲೇ, ಬಳಕೆ ಇಳಿಯುತ್ತಿರುವ ಈ ಕೊನೆಯ ವರ್ಷಗಳಲ್ಲಿ.

ಎಸೆಯುವ ವಿಷಯಕ್ಕೂ ಇದೇ ಮಾತು. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಪಾದರಸದ ದೀಪಗಳಿವೆ, ನೋಂದಾಯಿತ ಮರುಬಳಕೆದಾರರಿಗೆ ಹೋಗಬೇಕು. ಹೋಗುವುದು ಗುಜರಿಗೆ. ಗುಜರಿಯವನಿಗೆ ಬೇಕಾದ್ದು ಚೋಕ್‌ನ ತಾಮ್ರ ಮತ್ತು ಬಲ್ಬಿನ ಕ್ಯಾಪು. ಕ್ಯಾಪು ತೆಗೆಯಲು ಅವನು ಬಲ್ಬನ್ನು ಕಲ್ಲಿಗೆ ಕುಟ್ಟುತ್ತಾನೆ, ದಿನಕ್ಕೆ ಎಷ್ಟೋ. ಅವನ ಶೆಡ್ಡಿನ ಗಾಳಿಯ ಲೆಕ್ಕ ಹಾಕಿದವರಿಲ್ಲ.

ವಾಲಿಬಾಲ್ ಪಂದ್ಯದ ಮರುವಾರ ನಾನೂ ಆ ವೆಲ್ಡರನೂ ಟೆಂಟ್ ಹೌಸಿಗೆ ಹೋಗಿ ವಿಷಯ ಹೇಳಿದೆವು. ಮಾಲೀಕ ಒಳ್ಳೆಯ ಮನುಷ್ಯ, ಕೇಳಿ ಗಾಬರಿಯಾದ. ಈ ವರ್ಷದ ಪಂದ್ಯಕ್ಕೆ ಬಂದದ್ದು ಎಲ್‌ಇಡಿ ಲೈಟುಗಳು, ಬಾಲು ಬಡಿಯದಂತೆ ಮುಂದೆ ಜಾಲರಿಯೂ ಇತ್ತು. ಹಳೆಯವೇನಾದವು ಎಂದು ಕೇಳಿದೆ. ಪಕ್ಕದ ತಾಲ್ಲೂಕಿನ ಡೆಕೋರೇಷನ್‌ನವನು ನಾಲ್ಕನ್ನೂ ಅರ್ಧ ರೇಟಿಗೆ ಒಯ್ದನಂತೆ. ‘ಒಡೆದದ್ದನ್ನೂ?’ ಎಂದೆ. ‘ಅದೂ ಚೆನ್ನಾಗೇ ಉರೀತಿತ್ತಲ್ಲ ಸಾರ್’ ಎಂದ.